ನೀರು ಕುದಿಯುವಷ್ಟು ಹೊತ್ತು

ಸೌದೆ ಸೀಳುತ್ತಿದ್ದವನು ಕೊಡಲಿಯನ್ನು ಕೊರಡಿನಲ್ಲೇ ಬಿಟ್ಟು
ಕೂತೆ, ದಣಿದವರು ಕೂರುವ ಹಾಗೆ.
ಕಿಟಕಿಯಿಂದ ನೋಡಿದೆ. ಕೂರಲಿ ಪಾಪ, ಎಂದುಕೊಂಡು
ಕಾಫಿಯ ನೀರಿನ ಕಡೆ ತಿರುಗಿದೆ.

ನೀರು ಕುದಿಯುವಷ್ಟು ಹೊತ್ತು, ಎಮೆರಿ.
ಅಷ್ಟರಲ್ಲಿ ನೀನು ಮುಗಿದಿದ್ದೆ.

ಇಪ್ಪತ್ತೊಂಬತ್ತು. ಎರಡು ಸಲ ಕಂದಹಾರಕ್ಕೆ ಹೋಗಿ
ಎರಡು ಸಲವೂ ಬಸ್ಸಿಳಿದು ನಡೆದೇ ಮನೆ ಸೇರಿದವನು.
ಎಡಗಿವಿಯನ್ನು ಅಲ್ಲೇ ಮರೆತು ಬಂದೆ ಎಂದು ನಗುತ್ತಿದ್ದೆ;
ನಿನ್ನ ಬಲಕ್ಕೆ ನಿಂತು ಮಾತಾಡುವುದು ಊರಿಗೆಲ್ಲ ರೂಢಿಯಾಗಿತ್ತು.
ಚರ್ಚಿನಲ್ಲಿ ಕಡೇ ಸಾಲು, ಬಾಗಿಲ ಪಕ್ಕ.
ಜುಲೈ ನಾಲ್ಕರ ಪಟಾಕಿಗೆ ಮುಂಚೆ ನಾಯಿಯನ್ನು ದೋಣಿಗೆ ಹತ್ತಿಸಿ
ಸದ್ದು ಮುಟ್ಟದ ತಿರುವಿನವರೆಗೆ ಹೊಳೆಯಲ್ಲಿ ಮೇಲಕ್ಕೆ.
ಇದಕ್ಕೆ ಹೆದರಿಕೆ, ಎನ್ನುತ್ತಿದ್ದೆ ಅದನ್ನು ತೋರಿಸಿ.
ನಾವು ನಾಯಿಯ ತಲೆ ಸವರುತ್ತಿದ್ದೆವು.

ಹುಟ್ಟಿನಿಂದಲೇ ಎದೆಯೊಳಗೆ ಒಂದು ಗೋಡೆ ದಪ್ಪವಿತ್ತಂತೆ.
ಸೈನ್ಯದ ಯಾವ ತಪಾಸಣೆಗೂ ಕಾಣದ್ದು.
ಬಿಳಿ ಕೈಗವಸಿನ ಹುಡುಗ, ಮೀಸೆ ಇನ್ನೂ ಕೂಡಿರದವನು,
ಬಾವುಟವನ್ನು ಮುಕ್ಕೋನಕ್ಕೆ ಮಡಿಸಿ ಮಿರೇಯ್ ಮಡಿಲಲ್ಲಿಟ್ಟ.
ಬಾಯಿಪಾಠದ ಸಾಲಿನ ನಡುವೆ ಒಮ್ಮೆ ತಡವರಿಸಿದ.
ಅವತ್ತು ಹೇಳಿದ್ದರಲ್ಲಿ
ಆ ತಡವರಿಕೆಯೊಂದು ನೆನಪಿದೆ ನನಗೆ.

"ದೇವರಿಗೆ ಬೇಕಾದ," ಅಂದಳು ಜೆರಾಲ್ಡಿನ್ ಮಿಶೋ.
"ನನಗೂ ಬೇಕಿದ್ದ," ಅಂದಳು ಮಿರೇಯ್, ನಲ್ಲಿ ತಿರುಗಿಸುತ್ತ.
ಆಮೇಲೆ ಯಾರೂ ದೇವರನ್ನು ಅಡುಗೆಮನೆಗೆ ತರಲಿಲ್ಲ.

ನೆಲ ಹೆಪ್ಪುಗಟ್ಟುವ ಮೊದಲು ನಿನ್ನ ಆಲೂಗಡ್ಡೆ ಕಿತ್ತೆವು.
ಕೊಯ್ಲಿನ ರಜೆಯ ಮಕ್ಕಳು ಕತ್ತಲಿರುವಾಗಲೇ ಬಂದು
ಬುಟ್ಟಿಯಿಂದ ಪೀಪಾಯಿಗೆ ಸುರಿದರು, ಸುರಿದರು;
ಕೂಲಿಚೀಟಿಯನ್ನು ಮಾತ್ರ ಒಬ್ಬರೂ ಪೀಪಾಯಿಗೆ ಸಿಕ್ಕಿಸಲಿಲ್ಲ.
ಮುದುಕ ಗಿಲ್ಮಾನ್, ನಿನ್ನಪ್ಪನೊಂದಿಗೆ ಬೇಲಿಯ ಜಗಳಕ್ಕೆ
ಇಪ್ಪತ್ತು ವರ್ಷ ಮಾತು ಬಿಟ್ಟಿದ್ದವನು,
ಉಳಿದ ಸೌದೆಯನ್ನೆಲ್ಲ ಸೀಳಿ ಜೋಡಿಸಿದ.
ಕೊರಡಿನಲ್ಲಿದ್ದುದನ್ನು ಮುಟ್ಟದೆ
ತನ್ನ ಕೊಡಲಿ ತಂದಿದ್ದ.

ನಮ್ಮ ಕಣಿವೆಯಲ್ಲಿ ಪ್ಲೋಯ್ ಮಗುಚುವುದಿಲ್ಲ,
ಒಂದೇ ಮಗ್ಗುಲು ಬೇಯಬೇಕು, ಮೇಲೆಲ್ಲ ಕಣ್ಣು ಬಿಡಬೇಕು.
ಆ ವಾರ ನಿನ್ನಮ್ಮ ಒಂದೊಂದನ್ನೂ ಮಗುಚಿದಳು,
ಕಣ್ಣು ಮುಚ್ಚಿಸಿ, ಒತ್ತಿ.
ಯಾರೂ ತಿದ್ದಲಿಲ್ಲ. ತಿಂದೆವು. ಇನ್ನೊಂದು ಹಾಕು, ಲೊರೆಟ್, ಅಂದೆವು.

ಪಾತ್ರೆ ಹಿಂದಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು.
ಊರೇ ಬೇಯಿಸಿ ಕಳಿಸಿತ್ತಲ್ಲ.
ತಳದ ಟೇಪಿನ ಮೇಲೆ ಹೆಸರು ನೋಡಿ ಮನೆ ಮನೆಗೆ.
ಕೊಟ್ಟ ಕಡೆಯಲ್ಲೆಲ್ಲ ಬಾಗಿಲಲ್ಲೇ ಒಂದೊಂದು ಕತೆ ನಿನ್ನದು,
ನಾನು ಕೇಳದೆಯೇ.

ಮೂರನೆಯ ವಾರ ಮಿರೇಯ್ ಒಂದನ್ನು ಒರೆಸಿ, ಬೋರಲು ಹಾಕಿ,
ಹಾಗೇ ನಿಂತಳು.

ಎ. ಸೀರ್.
ಎಡಕ್ಕೆ ವಾಲುವ ನಿನ್ನ ಅಕ್ಷರ.

ಹೋದ ಚಳಿಗಾಲ ನನ್ನ ರೋಸೇರ್ ತೀರಿಕೊಂಡಾಗ
ಬೀನ್ಸ್ ಬೇಯಿಸಿ ತಂದಿದ್ದೆ ನೀನೇ, ಮಂಡಿಯುದ್ದದ ಹಿಮದಲ್ಲಿ.
ಸೀದಿತ್ತು. ಹೇಳಲಿಲ್ಲ ನಿನಗೆ.
ಪಾತ್ರೆ ವಾಪಸು ಕೊಡಲು ಇವತ್ತು ನಾಳೆ ಎನ್ನುತ್ತಿದ್ದೆ.
ಆ ಮೊದಲ ರಾತ್ರಿ ಕೈಗೆ ಸಿಕ್ಕಿದ್ದರಲ್ಲಿ ಏನನ್ನೋ ಬೇಯಿಸಿ
ತಳ ನೋಡದೆ ಹೊತ್ತು ತಂದಿದ್ದೆ.

ಆಗ ಹೇಳಿಬಿಟ್ಟೆ ಅವಳಿಗೆ. ಕಿಟಕಿ. ನೀನು ಕೂತದ್ದು.
ಕೂರಲಿ ಪಾಪ ಎಂದದ್ದು. ಕಾಫಿ.
ಬೆನ್ನು ತಿರುಗಿಸಿಯೇ ಕೇಳಿದಳು.
ಬಹಳ ಹೊತ್ತಿನ ಮೇಲೆ ಇನ್ನೊಂದು ಒಣ ಬಟ್ಟೆ ತೆಗೆದು
ನನ್ನ ಕೈಗೆ ಕೊಟ್ಟಳು;
ಸಿಂಕಿನಲ್ಲಿ ಇನ್ನೂ ಆರೇಳು ಪಾತ್ರೆ ಇದ್ದವು.
ನಿನ್ನದು ಮಾತ್ರ ಕಪಾಟಿಗೆ ಹೋಯಿತು, ಟೇಪು ಸಮೇತ.

ಮೇಜಿನ ಕೆಳಗೆ ಓಡೀಲ್
ನಾಯಿಯ ಕತ್ತು ತಬ್ಬಿ, ಈಚೆಗೆ ತಿರುಗಿಸಿಕೊಂಡು,
ಅದರ ಬಲಗಿವಿಯಲ್ಲಿ
ಏನೋ ಹೇಳುತ್ತಿದ್ದಳು.